ನೆರೆ ಇಳಿದ ಮೇಲೆ ಮೊದಲು ಸಂಪು: ನಮ್ಮ ಪಂಪ್ ಕಿಟ್ ಕಟ್ಟಿದ್ದು, ಕೆಲಸಕ್ಕೆ ಹಚ್ಚಿದ್ದು

ನೀರು ಮನೆಗೆ ನುಗ್ಗಿದ ದಿನ ಸಹಾಯಕ್ಕೆ ಬರುವವರಿಗೆ ಬರವಿಲ್ಲ. ದೋಣಿ ಬರುತ್ತದೆ, ಟ್ರ್ಯಾಕ್ಟರ್ ಬರುತ್ತದೆ, ಚಿತ್ರಾನ್ನದ ಪೊಟ್ಟಣ ಬರುತ್ತದೆ. ನೀರು ಇಳಿಯಿತು ಅಂದರೆ ಬೀದಿ ಖಾಲಿ. ಕೆಸರು ತುಂಬಿದ ಮನೆ, ಕೊಳಚೆ ಸೇರಿದ ಸಂಪು, ಮುಳುಗಿ ಎದ್ದ ಮೋಟಾರು, ಇವಿಷ್ಟೂ ಮನೆಯವರ ಪಾಲಿಗೆ ಉಳಿಯುತ್ತವೆ. ನಮ್ಮ ಗುಂಪು ಕೈ ಹಾಕಿರುವುದು ಈ ಕೆಲಸಕ್ಕೆ. ಅದಕ್ಕೆ ಕಟ್ಟಿಕೊಂಡ ಕಿಟ್‌ನಲ್ಲಿ ಏನೇನಿದೆ, ಯಾಕೆ ಹಾಗೆ ಕಟ್ಟಿದೆವು, ಬೆಂಗಳೂರಿನ ಹೊರಮಾವು ಕಡೆಯ ಒಂದು ತಗ್ಗು ಬಡಾವಣೆಯಲ್ಲಿ ಅದು ಹೇಗೆ ನಡೆಯಿತು ಅಂತ ಬರೆಯುತ್ತಿದ್ದೇನೆ. ನಿಮ್ಮ ಬೀದಿಯಲ್ಲೂ ನಾಲ್ಕೈದು ಜನ ಸೇರಿ ಇಂಥದ್ದೊಂದು ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಆಸೆ.

ಇದು ಶುರುವಾಗಿದ್ದು ಬೆಂಗಳೂರಿನಲ್ಲಲ್ಲ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡಕ್ಕೆ ಅಪ್ಪಳಿಸಿತು. ಅದರ ಮಳೆ ಒಳನಾಡಿಗೂ ಬಂತು. ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನಕ್ಕೆ 50 ಸೆಂಟಿಮೀಟರ್ ಸುರಿಯಿತು. ಸಾತನೂರು ಅಣೆಕಟ್ಟೆಯಿಂದ ಲಕ್ಷ ಕ್ಯೂಸೆಕ್‌ಗೂ ಜಾಸ್ತಿ ನೀರು ಬಿಡಬೇಕಾಯಿತು. ತೆನ್‌ಪೆಣ್ಣೈ ಉಕ್ಕಿ ವಿಲ್ಲುಪುರಂ, ಕಡಲೂರು ಜಿಲ್ಲೆಗಳ ಎಷ್ಟೋ ಊರುಗಳು ಮುಳುಗಿದವು. ಆ ನದಿ ನಮಗೆ ಪರಕೀಯ ಅಲ್ಲ. ನಂದಿಬೆಟ್ಟದ ಕಡೆ ಹುಟ್ಟಿ ಹೊಸಕೋಟೆ ಮೇಲೆ ಹಾದು ಹೋಗುವ ನಮ್ಮ ದಕ್ಷಿಣ ಪಿನಾಕಿನಿಯೇ ಅದು. ಹೆಬ್ಬಾಳ ಕಣಿವೆಯ ನೀರು, ಬೆಳ್ಳಂದೂರು ವರ್ತೂರು ಕೆರೆಗಳ ಕೋಡಿ ನೀರು ಕೊನೆಗೆ ಸೇರುವುದು ಅದಕ್ಕೇ.

ಅಲ್ಲಿಗೆ ಬೆಂಗಳೂರಿನಿಂದ ಅಕ್ಕಿ, ಹೊದಿಕೆ ಹೊತ್ತು ಹೋದವರಲ್ಲಿ ನಾವೂ ಇದ್ದೆವು. ಒಂದು ಊರಿನಲ್ಲಿ, ಹೊಸೂರು ಕಡೆಯಿಂದ ಮದುವೆಯಾಗಿ ಬಂದಿದ್ದ ಹೆಂಗಸೊಬ್ಬರು ಕನ್ನಡದಲ್ಲೇ ಕೇಳಿದರು. "ಅಣ್ಣಾ, ಊಟ ಬರ್ತಾ ಇದೆ. ಬಾವಿಗೆ ಕೊಳಚೆ ಸೇರಿಬಿಟ್ಟಿದೆ. ಅದನ್ನ ಎತ್ತೋಕೆ ಮೋಟಾರ್ ಏನಾದ್ರೂ ತಂದಿದ್ದೀರಾ?" ವಾಪಸ್ ಬಂದ ಮೇಲೆ ನಾವು ಬರೆದ ಪಟ್ಟಿ ಪೂರ್ತಿ ಆ ಪ್ರಶ್ನೆಯ ಸುತ್ತಲೇ ಬೆಳೆಯಿತು.

ಕಿಟ್ ಕಟ್ಟಿದ್ದು

ಮೊದಲ ಸಾಮಾನು ಪಂಪ್. ಮನೆಗಳಲ್ಲಿ ಇರುವ ಮಾಮೂಲಿ ಸಬ್‌ಮರ್ಸಿಬಲ್ ತಿಳಿ ನೀರಿಗೆ ಮಾಡಿದ್ದು. ಕೆಸರು, ಪ್ಲಾಸ್ಟಿಕ್ ಚೂರು, ಎಲೆ ಸಿಕ್ಕರೆ ಅದರ ಇಂಪೆಲ್ಲರ್ (ನೀರನ್ನು ತಳ್ಳುವ ರೆಕ್ಕೆಚಕ್ರ) ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ನೆರೆ ನೀರಿಗೆ ಬೇಕಾಗಿರುವುದು ಮಡ್ ಪಂಪ್. ಕರೆಂಟ್ ಇರುವುದಿಲ್ಲವಾದ್ದರಿಂದ ಪೆಟ್ರೋಲ್ ಎಂಜಿನ್‌ನದೇ ಆಗಬೇಕು. ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಸುತ್ತಿ 2 ಇಂಚಿನದನ್ನು ಆರಿಸಿದೆವು. ಇಂಥವು ನಿಮಿಷಕ್ಕೆ 500 ಲೀಟರ್ ಆಸುಪಾಸು ಎತ್ತುತ್ತವೆ ಅಂತ ಕಾಗದದಲ್ಲಿ ಇರುತ್ತದೆ. ಕೆಸರು ಇದ್ದಾಗ ಅಷ್ಟು ಬರುವುದಿಲ್ಲ. 3 ಇಂಚಿನದು ಇನ್ನೂ ಜಾಸ್ತಿ ಎಳೆಯುತ್ತದೆ. ಆದರೆ ನೀರು ತುಂಬಿದ ಅದರ ಪೈಪನ್ನು ಇಬ್ಬರು ಎಳೆದಾಡುವುದು ಕಷ್ಟ, ಗಲ್ಲಿಯಲ್ಲಿ ತಿರುಗಿಸುವುದು ಇನ್ನೂ ಕಷ್ಟ.

ಬೆಂಗಳೂರಿಗೆ ಸಂಬಂಧಪಟ್ಟ ಒಂದು ಲೆಕ್ಕ ಇಲ್ಲಿ ಗೊತ್ತಿರಬೇಕು. ಪಂಪ್ ನೀರನ್ನು ಎಳೆಯುವುದಿಲ್ಲ. ಪೈಪಿನ ಗಾಳಿ ತೆಗೆಯುತ್ತದೆ, ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಮೇಲಕ್ಕೆ ತಳ್ಳುತ್ತದೆ. ಸಮುದ್ರ ಮಟ್ಟದಲ್ಲಿ ಇದರ ಮಿತಿ 10.3 ಮೀಟರ್. ನಾವಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಹಾಗಾಗಿ ಮಿತಿ 9 ಮೀಟರ್ ಚಿಲ್ಲರೆಗೆ ಇಳಿಯುತ್ತದೆ. ಪೈಪಿನೊಳಗಿನ ತಿಕ್ಕಾಟ, ಸೋರಿಕೆ ಎಲ್ಲ ಕಳೆದರೆ ಕೈಗೆ ಸಿಗುವುದು 6 ಮೀಟರ್ ಅಂತ ಇಟ್ಟುಕೊಳ್ಳಿ. ಎಂಜಿನ್ ಶಕ್ತಿಯೂ ಈ ಎತ್ತರದಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ತಗ್ಗುತ್ತದೆ. ಮನೆ ಸಂಪಿಗೆ ಇದೇನೂ ತೊಂದರೆ ಇಲ್ಲ. ಎರಡು ಅಂತಸ್ತಿನ ಬೇಸ್‌ಮೆಂಟ್‌ಗೆ ಮಾತ್ರ ಮೇಲೆ ನಿಂತು ಎಳೆಯುತ್ತೇನೆ ಅಂದರೆ ಆಗುವುದಿಲ್ಲ. ಅಲ್ಲಿ ನೀರಿಗೇ ಇಳಿಬಿಡುವ ಪಂಪ್ ಬೇಕು.

ಅಂಗಡಿಯಲ್ಲಿ ಸಿಗದ ಒಂದು ಸಾಮಾನನ್ನು ನಾವೇ ಮಾಡಿಕೊಂಡೆವು. ಪಂಪ್ ಜೊತೆ ಬರುವ ಜಾಲರಿ ಚಿಕ್ಕದು. ಒಂದು ಹಾಲಿನ ಕವರ್ ಅಂಟಿಕೊಂಡರೆ ಸಾಕು, ಎಳೆತ ನಿಂತಿತು. 20 ಲೀಟರಿನ ಖಾಲಿ ಪೇಂಟ್ ಬಕೆಟ್ ತಗೊಂಡು, ಸುತ್ತಲೂ 8 ಮಿಲಿಮೀಟರ್ ಡ್ರಿಲ್ ಬಿಟ್‌ನಲ್ಲಿ ಒತ್ತೊತ್ತಾಗಿ ತೂತು ಹೊಡೆದೆವು. ತಳದಿಂದ ನಾಲ್ಕು ಬೆರಳು ಜಾಗ ತೂತಿಲ್ಲದೆ ಬಿಟ್ಟೆವು. ತಳದ ಮರಳು ಎದ್ದು ಬರಬಾರದಲ್ವಾ, ಅದಕ್ಕೆ. ಪೈಪಿನ ತುದಿಯ ಜಾಲರಿಯನ್ನು ಬಕೆಟ್ ಒಳಗೆ ತೂಗುವಂತೆ ಮುಚ್ಚಳಕ್ಕೆ ಕಟ್ಟಿ, ಬಕೆಟ್ ತೇಲದಂತೆ ತಳಕ್ಕೆ ಅರ್ಧ ಇಟ್ಟಿಗೆ ಹಾಕಿದೆವು. ಕವರ್ ಬಂದು ಬಕೆಟ್‌ಗೆ ಅಂಟಿದರೂ ಉಳಿದ ನೂರಾರು ತೂತುಗಳಲ್ಲಿ ನೀರು ಬರುತ್ತಲೇ ಇರುತ್ತದೆ. ಇಡೀ ಕಿಟ್‌ನಲ್ಲಿ ನನಗೆ ಜಾಸ್ತಿ ಇಷ್ಟವಾದ ಸಾಮಾನು ಇದೇ.

ಎಳೆಯುವ ಕಡೆಯ ಪೈಪು ಒಳಗೆ ಸುರುಳಿ ಇರುವ ಗಟ್ಟಿ ಪಿವಿಸಿ ಆಗಿರಬೇಕು, ಇಲ್ಲದಿದ್ದರೆ ಎಳೆತಕ್ಕೆ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಹೊರಬಿಡುವ ಕಡೆ ಸುತ್ತಿಡಬಹುದಾದ ಚಪ್ಪಟೆ ಪೈಪು ನಡೆಯುತ್ತದೆ. ಎಳೆಯುವ ಕಡೆ ಪ್ರತಿ ಜೋಡಣೆಗೂ ಎರಡೆರಡು ಕ್ಲ್ಯಾಂಪ್. ಅಲ್ಲಿ ಕೂದಲೆಳೆಯಷ್ಟು ಗಾಳಿ ಸೇರಿದರೂ ಪಂಪ್ ಸುಮ್ನೆ ಕೂಗುತ್ತದೆ, ನೀರು ಬರುವುದಿಲ್ಲ.

ಉಳಿದದ್ದು: ಕಾರು ತೊಳೆಯುವ ಪ್ರೆಶರ್ ವಾಷರ್, ಚಿಕ್ಕ ಜನರೇಟರ್, 500 ಲೀಟರಿನ ಸಿಂಟೆಕ್ಸ್, ಬ್ಲೋವರ್, ಮೆಗ್ಗರ್ (ವೈಂಡಿಂಗ್‌ನಿಂದ ಕರೆಂಟ್ ಸೋರುತ್ತದಾ ಅಂತ ನೋಡುವ ಮೀಟರ್), ಸಲಿಕೆ, ಬಾಂಡ್ಲಿ, ಉದ್ದ ಹಿಡಿಯ ವೈಪರ್, ಗಮ್ ಬೂಟು, ಮೊಣಕೈವರೆಗಿನ ರಬ್ಬರ್ ಗ್ಲೌಸ್, ಬ್ಲೀಚಿಂಗ್ ಪೌಡರ್. ಎಲ್ಲ ಒಂದು ಟಾಟಾ ಏಸ್‌ನಲ್ಲಿ ಹಿಡಿಯುತ್ತದೆ.

ಬಡಾವಣೆಗೆ ಹೋದಾಗ

2025ರ ಮೇ 18ರ ರಾತ್ರಿ ನಗರದಲ್ಲಿ ಬಿದ್ದ ಮಳೆ 100 ಮಿಲಿಮೀಟರ್ ದಾಟಿತು. ಚಂಡಮಾರುತ ಏನೂ ಇರಲಿಲ್ಲ. ಆದರೂ ಹೊರಮಾವು ಸುತ್ತಲಿನ ತಗ್ಗು ಬಡಾವಣೆಗಳಲ್ಲಿ ನೀರು ಕಿಟಕಿವರೆಗೆ ನಿಂತಿತು. ರಾಜಕಾಲುವೆ ತುಂಬಿ ಹಿಂದಕ್ಕೆ ಒತ್ತಿದಾಗ ಬೀದಿಯಲ್ಲಿ ನಿಲ್ಲುವುದು ಬರೀ ಮಳೆ ನೀರಲ್ಲ. ಒಳಚರಂಡಿ ನೀರೂ ಸೇರಿರುತ್ತದೆ. ಸಂಪಿನ ಮುಚ್ಚಳ ನೆಲಮಟ್ಟದಲ್ಲೇ ಇರುವುದರಿಂದ ಅದು ನೇರ ಒಳಗೆ.

ನಾವು ಒಂದು ಬೀದಿಗೆ ಕಾಲಿಟ್ಟ ಕೂಡಲೇ ಮನೆಮನೆಗೂ ಹೇಳುವ ಮಾತು ಒಂದೇ. "ಮೋಟಾರ್ ಹಾಕಬೇಡಿ." ನೆರೆಯಲ್ಲಿ ಸಂಪು ಕೆಟ್ಟರೂ ಟೆರೇಸ್ ಮೇಲಿನ ಟ್ಯಾಂಕಿನಲ್ಲಿ ಒಳ್ಳೆ ನೀರು ಉಳಿದಿರುತ್ತದೆ. ಆ ಮನೆಯಲ್ಲಿ ಉಳಿದಿರುವ ಚೊಕ್ಕ ನೀರು ಅಂದರೆ ಅಷ್ಟೇ. ಈಗ ಬಹಳ ಮನೆಗಳಲ್ಲಿ ಆಟೋಮ್ಯಾಟಿಕ್ ಕಂಟ್ರೋಲರ್ ಇದೆ. ಟ್ಯಾಂಕು ಇಳಿದ ಕೂಡಲೇ ತಾನಾಗಿ ಮೋಟಾರು ಓಡಿಸುತ್ತದೆ. ಮೋಟಾರು ಎತ್ತರದ ಕಟ್ಟೆ ಮೇಲಿದ್ದು ಮುಳುಗದೇ ಉಳಿದಿದ್ದರೆ, ಕರೆಂಟ್ ಬಂದ ಕ್ಷಣ ಸಂಪಿನ ಕೊಳಚೆಯನ್ನೆಲ್ಲ ಮೇಲಕ್ಕೆ ಕಳಿಸಿಬಿಡುತ್ತದೆ. ಆಮೇಲೆ ಟ್ಯಾಂಕು, ಪೈಪು, ನಲ್ಲಿ, ಗೀಸರ್ ಎಲ್ಲವೂ ಕೆಟ್ಟಂತೆ. ಒಂದು ಸ್ವಿಚ್ ಆಫ್ ಮಾಡಿದರೆ ದೊಡ್ಡ ಕೆಲಸ ಉಳಿಯುತ್ತದೆ.

ಮನೆ ತೊಳೆಯುವುದಕ್ಕಿಂತ ಮೊದಲು ಸಂಪು ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಮನೆ ತೊಳೆಯಲು ನೀರು ಬೇಕು. ಟ್ಯಾಂಕರ್ ತರಿಸಿದರೂ ಸುರಿಯಲು ಜಾಗ ಬೇಕು. ಕಾವೇರಿ ನೀರು ಬಿಟ್ಟರೂ ಬಂದು ಬೀಳುವುದು ಅಲ್ಲಿಗೇ. ಅದು ಚೊಕ್ಕವಾಗುವವರೆಗೆ ಮನೆಯ ಯಾವ ಕೆಲಸವೂ ಮುಂದೆ ಸಾಗುವುದಿಲ್ಲ.

ರಸ್ತೆಯ ಕೊನೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆ. ಸಂಪು ಉದ್ದ 6 ಅಡಿ, ಅಗಲ 5, ಆಳ 6. ಅಂದರೆ 180 ಘನ ಅಡಿ, ಘನ ಅಡಿಗೆ 28.3 ಲೀಟರ್, ಒಟ್ಟು 5,100 ಲೀಟರ್ ಹತ್ತಿರ. ಮುಚ್ಚಳ ಎತ್ತಿದಾಗ ಕಪ್ಪು ನೀರು, ಮೇಲೆ ಎಣ್ಣೆಯ ಪದರ. ಪಂಪನ್ನು ರಸ್ತೆಯಲ್ಲೇ ಇಟ್ಟೆವು. ಕಾಂಪೌಂಡ್ ಒಳಗೆ, ಪೋರ್ಟಿಕೋದಲ್ಲಿ, ಬೇಸ್‌ಮೆಂಟ್‌ನಲ್ಲಿ ಪೆಟ್ರೋಲ್ ಎಂಜಿನ್ ಯಾವತ್ತೂ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ತಲೆ ಸುತ್ತು ಬಂತು ಅಂತ ಗೊತ್ತಾಗುವ ಹೊತ್ತಿಗೆ ಕಾಲಿನಲ್ಲಿ ಶಕ್ತಿ ಇರುವುದಿಲ್ಲ. ಹೊರಬಿಡುವ ಪೈಪನ್ನು ಮಳೆನೀರಿನ ಮೋರಿಗೆ ಬಿಟ್ಟೆವು. ಮ್ಯಾನ್‌ಹೋಲ್‌ಗೆ ಬಿಟ್ಟರೆ ಪಕ್ಕದ ಮನೆಯ ಟಾಯ್ಲೆಟ್‌ನಲ್ಲಿ ಎದ್ದು ಬರುತ್ತದೆ.

ತಳದಲ್ಲಿ ಮೊಣಕಾಲು ಮಟ್ಟ ಕೆಸರು ಉಳಿಯಿತು. ಮೇಷ್ಟ್ರ ತಾಯಿ, ವಯಸ್ಸಾದ ಅಜ್ಜಿ, ಬಾಗಿಲಲ್ಲಿ ಕೂತು ನೋಡುತ್ತಿದ್ದರು. "ಒಬ್ಬ ಹುಡುಗನ್ನ ಇಳಿಸಿ ತೊಳೆಸಿಬಿಡಪ್ಪಾ. ಪ್ರತಿ ವರ್ಷ ಹಂಗೇ ಮಾಡ್ಸೋದು."

"ಬೇಡ ಅಜ್ಜಿ. ಈ ಸಲ ಒಳಗೆ ಚರಂಡಿ ನೀರು ನಿಂತಿತ್ತು. ಗಾಳಿ ಕೆಟ್ಟಿರುತ್ತೆ."

ಇದರಲ್ಲಿ ನಮ್ಮ ಗುಂಪಿನಲ್ಲಿ ರಾಜಿ ಇಲ್ಲ. ಕೊಳಚೆ ಕೊಳೆತ ಕಡೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಜಾಸ್ತಿಯಾದಾಗ ಮೂಗೇ ಮರಗಟ್ಟಿ ವಾಸನೆ ಹೋಗುತ್ತದೆ. ವಾಸನೆ ನಿಂತಿತು ಅಂತ ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದ ಎರಡನೆಯವನೂ ಬರುವುದಿಲ್ಲ. ದೀಪ ಇಳಿಬಿಟ್ಟು ನೋಡುವ ಹಳೇ ಪದ್ಧತಿ ಈ ಅನಿಲವನ್ನು ತೋರಿಸುವುದಿಲ್ಲ. ಮಲಹೊರುವ ಕೆಲಸ ನಿಷೇಧಿಸಿದ 2013ರ ಕಾಯ್ದೆ, ರಕ್ಷಣಾ ಸಲಕರಣೆ ಇಲ್ಲದೆ ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದನ್ನು ಅಪರಾಧ ಅಂತ ಹೇಳುತ್ತದೆ. ಕೊಳಚೆ ತುಂಬಿದ ಸಂಪನ್ನೂ ನಾವು ಅದೇ ಲೆಕ್ಕಕ್ಕೆ ಸೇರಿಸುತ್ತೇವೆ. "ಅಣ್ಣಾ, ಐನೂರು ಕೊಡಿ, ನಾನು ಇಳೀತೀನಿ" ಅಂತ ಒಬ್ಬ ಹುಡುಗ ಮುಂದೆ ಬಂದ. ಅವನ ಕೈಗೆ ಪ್ರೆಶರ್ ವಾಷರ್ ಗನ್ ಕೊಟ್ಟು ಮೇಲೆಯೇ ನಿಲ್ಲಿಸಿಕೊಂಡೆವು.

ಕೆಲಸ ಮೇಲಿಂದಲೇ ಆಗುತ್ತದೆ, ಸ್ವಲ್ಪ ತಡವಾಗುತ್ತದೆ ಅಷ್ಟೇ. ಒಬ್ಬರು ವಾಷರ್‌ನಿಂದ ಕೆಸರನ್ನು ಒಂದು ಮೂಲೆಗೆ ತಳ್ಳಬೇಕು. ಇನ್ನೊಬ್ಬರು ಉದ್ದ ಗಳಕ್ಕೆ ಕಟ್ಟಿದ ನೈಲಾನ್ ಬ್ರಷ್‌ನಿಂದ ಗೋಡೆ ಉಜ್ಜಬೇಕು. ಬಕೆಟ್ ಜಾಲರಿ ಆ ಮೂಲೆಯಲ್ಲೇ ಕೂತಿರಬೇಕು. ಕೆಸರು ನೀರಾದಾಗ ಪಂಪ್ ಅದನ್ನು ಎತ್ತುತ್ತದೆ. ಒಂದು ಎಚ್ಚರ: ಸುತ್ತಲ ನೆಲ ಇನ್ನೂ ನೀರು ಕುಡಿದು ನಿಂತಿದ್ದರೆ ಸಂಪನ್ನು ಪೂರ್ತಿ ಬರಿದು ಮಾಡಬಾರದು. ಹೊರಗಿನ ನೀರಿನ ಒತ್ತಡಕ್ಕೆ ಗೋಡೆ ಒಳಕ್ಕೆ ಬಿರಿಯಬಹುದು, ಫೈಬರ್ ಟ್ಯಾಂಕಾದರೆ ನೆಲದಿಂದ ಮೇಲಕ್ಕೇ ಎದ್ದುಬಿಡಬಹುದು. ಬೇಸ್‌ಮೆಂಟ್‌ಗೂ ಇದೇ ಮಾತು. ಹೊರಗಿನ ನೀರು ಇಳಿಯುವವರೆಗೆ ಕಾದು, ದಿನಕ್ಕೆ ಮೂರನೇ ಒಂದು ಭಾಗದಂತೆ ತೆಗೆಯುವುದು ಕ್ಷೇಮ.

ಆಮೇಲೆ ಬ್ಲೀಚಿಂಗ್. ಒಳ್ಳೆ ಪೌಡರ್‌ನಲ್ಲಿ ಕ್ಲೋರಿನ್ ಶೇಕಡ 33ರಷ್ಟು ಇರುತ್ತದೆ. ತೊಳೆದ ಸಂಪಿಗೆ ಟ್ಯಾಂಕರ್ ನೀರು ತುಂಬಿ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ, ಈ ಸಂಪಿಗೆ ಪೌಡರ್ 770 ಗ್ರಾಂ. ಅಂಗಡಿಯಲ್ಲಿ ಕೂತ ಪೌಡರ್ ಸತ್ವ ಕಳೆದುಕೊಂಡಿರುತ್ತದೆ, ಅದಕ್ಕೆ ನಾವು ಒಂದು ಕೆ.ಜಿ. ಹಾಕುತ್ತೇವೆ. ನೇರ ಸುರಿಯಬಾರದು. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಬೇಕು. ಒಂದು ರಾತ್ರಿ ಬಿಟ್ಟು ಆ ನೀರನ್ನು ಹೊರಹಾಕಿ, ಹೊಸ ನೀರು ತುಂಬಿದ ಮೇಲೆ ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಹಾಕಿದರೆ ಸಾಕು. ಅರ್ಧ ಗಂಟೆ ಬಿಟ್ಟು, ಬೇರೆ ತೆಗೆದ ಸ್ವಲ್ಪ ನೀರಿಗೆ ಓ.ಟಿ. (ಕ್ಲೋರಿನ್ ಪರೀಕ್ಷಿಸುವ ಆರ್ಥೋ ಟೊಲಿಡಿನ್) ದ್ರಾವಣ ಒಂದೆರಡು ಹನಿ ಹಾಕಿ ನೋಡಿ. ನೀರು ತಿಳಿ ಹಳದಿಯಾದರೆ ಕ್ಲೋರಿನ್ ಇನ್ನೂ ಉಳಿದಿದೆ ಅಂತ ಅರ್ಥ. ಆದರೂ ಕುಡಿಯುವ ನೀರನ್ನು ಕೆಲವು ವಾರ ಕುದಿಸಿಯೇ ಕುಡಿಯಿರಿ ಅಂತ ಎಲ್ಲ ಮನೆಯಲ್ಲೂ ಹೇಳಿ ಬರುತ್ತೇವೆ.

ಬ್ಲೀಚಿಂಗ್ ಇರುವ ಕಡೆ ಬಾತ್‌ರೂಮ್ ತೊಳೆಯುವ ಆ್ಯಸಿಡ್ ಬಾಟಲಿ ಹತ್ತಿರಕ್ಕೂ ಬರಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ನೆರೆ ಇಳಿದ ಮನೆಗಳಲ್ಲಿ ಬೇಗ ಚೊಕ್ಕವಾಗಲಿ ಅಂತ ಎರಡನ್ನೂ ಒಟ್ಟಿಗೆ ಸುರಿಯುವವರು ಇದ್ದಾರೆ. ದಯವಿಟ್ಟು ಬೇಡ.

ಮುಳುಗಿದ ಮೋಟಾರು

ಮೇಷ್ಟ್ರ ಮನೆಯದು ಅರ್ಧ ಎಚ್‌ಪಿ ಮಾನೋಬ್ಲಾಕ್, ಅಂದರೆ ಮೋಟಾರೂ ಪಂಪೂ ಒಂದೇ ಆಗಿ ಜೋಡಿಸಿದ್ದು. "ಸುಟ್ಟು ಹೋಯ್ತು ಅನ್ಸುತ್ತೆ, ಹೊಸದು ತಗೊಳ್ಳೋಣ" ಅಂದರು ಮೇಷ್ಟ್ರು. ಮುಳುಗಿದ ಮೋಟಾರು ಮುಳುಗಿದ್ದಕ್ಕೇ ಸುಡುವುದಿಲ್ಲ ಸಾರ್, ಒದ್ದೆಯಲ್ಲಿ ಸ್ವಿಚ್ ಹಾಕಿದ್ದಕ್ಕೆ ಸುಡುತ್ತದೆ ಅಂತ ನಮ್ಮ ಎಲೆಕ್ಟ್ರಿಷಿಯನ್ ಅಣ್ಣ ಹೇಳಿದರು. ಆ ಮನೆಯವರು ಯಾರೂ ಸ್ವಿಚ್ ಮುಟ್ಟಿರಲಿಲ್ಲ. ಹಾಗಾಗಿ ಬಿಚ್ಚಿದೆವು.

ಫ್ಯಾನ್ ಕವರ್ ತೆಗೆದರೆ ರೆಕ್ಕೆಗಳ ನಡುವೆ ಕೆಸರು ಗಟ್ಟಿಯಾಗಿ ಕೂತಿತ್ತು. ಶಾಫ್ಟ್ ತುದಿಯಲ್ಲಿ ಸ್ಕ್ರೂಡ್ರೈವರ್‌ಗೆ ಒಂದು ಗೀರು ಇರುತ್ತದೆ, ಅಲ್ಲಿ ತಿರುಗಿಸಿದರೆ ಅಲುಗಲಿಲ್ಲ. ಪಂಪ್ ಕಡೆಯ ಬೋಲ್ಟು ಬಿಚ್ಚಿ ಹಿತ್ತಾಳೆಯ ಇಂಪೆಲ್ಲರ್ ಹೊರತೆಗೆದೆವು. ಅದಕ್ಕೂ ಕವಚಕ್ಕೂ ನಡುವಿನ ಸಂದು ಬಹಳ ಸಣ್ಣದು, ಅಲ್ಲಿ ಮರಳು ಸಿಕ್ಕಿಕೊಂಡಿತ್ತು. ತೊಳೆದು ಮತ್ತೆ ಕೂರಿಸಿದ ಮೇಲೆ ಬೆರಳಲ್ಲೇ ತಿರುಗಿತು. ವೈಂಡಿಂಗ್ ಅನ್ನು ಟೆರೇಸ್ ಟ್ಯಾಂಕಿನ ಚೊಕ್ಕ ನೀರಿನಲ್ಲಿ ಮೆಲ್ಲಗೆ ತೊಳೆದೆವು. ಒದ್ದೆಯಾದದ್ದನ್ನು ಮತ್ತೆ ಯಾಕೆ ತೊಳೆಯುತ್ತೀರಿ ಅಂತ ಮೇಷ್ಟ್ರಿಗೆ ಆತಂಕ. ಕೊಳಚೆಯ ಉಪ್ಪು, ಮಣ್ಣು ತಂತಿ ಮೇಲೆ ಒಣಗಿ ಕೂತರೆ ಅದೇ ಕರೆಂಟ್ ಸೋರಲು ದಾರಿ. ನೀರು ಒಣಗುತ್ತದೆ, ಮಣ್ಣು ಹೋಗುವುದಿಲ್ಲ.

ಬ್ಲೋವರ್ ಹಿಡಿದು, ಬಿಸಿಲಿಗಿಟ್ಟು, ರಾತ್ರಿ ಒಂದು ರಟ್ಟಿನ ಡಬ್ಬದಲ್ಲಿ 100 ವಾಟ್‌ನ ಹಳೇ ಬಲ್ಬಿನ ಪಕ್ಕ ಇಟ್ಟೆವು. ಬಲ್ಬು ರಟ್ಟಿಗೆ ತಾಗದಂತೆ ಒಬ್ಬರು ಕಾಯುತ್ತಿರಬೇಕು. ಮೆಗ್ಗರ್‌ನಲ್ಲಿ 500 ವೋಲ್ಟ್ ಹಾಕಿ ವೈಂಡಿಂಗ್ ಮತ್ತು ಬಾಡಿ ನಡುವೆ ನೋಡಿದಾಗ ಮೊದಲು ಮುಳ್ಳು ಸೊನ್ನೆ ಹತ್ತಿರವೇ ಇತ್ತು. ಒಣಗಿದ ಹಾಗೆ ಮೇಲೇರುತ್ತಾ ಬಂತು. ಒಂದು ಮೆಗಾಓಮ್ ದಾಟದೆ ಕರೆಂಟ್ ಕೊಡುವುದಿಲ್ಲ ಅನ್ನುವುದು ನಮ್ಮ ನಿಯಮ. ದಾಟಿದ ಮೇಲೆ ವಾರ್ನಿಶ್ ಹಚ್ಚಿ ಒಣಗಿಸಿ, ಎರಡೂ ಬೇರಿಂಗ್, ಮೆಕ್ಯಾನಿಕಲ್ ಸೀಲ್, ಕಪಾಸಿಟರ್ ಹೊಸದು ಹಾಕಿದೆವು. ನೆರೆ ಕಂಡ ಬೇರಿಂಗ್ ತಿರುಗುವ ಹಾಗೆ ಕಂಡರೂ ಒಳಗೆ ತುಕ್ಕು ಶುರುವಾಗಿರುತ್ತದೆ. ಪಂಪಿನೊಳಗಿನ ಗಾಳಿ ಹೋಗಲು ಪ್ರೈಮಿಂಗ್ ನೀರು ತುಂಬಿಸಿ ಸ್ವಿಚ್ ಹಾಕಿದಾಗ ಟೆರೇಸ್ ಟ್ಯಾಂಕಿಗೆ ನೀರು ಬಿದ್ದ ಸದ್ದು ಕೇಳಿ ಅಜ್ಜಿ ಒಳಗಿಂದ "ಬಂತಾ?" ಅಂತ ಕೂಗಿದರು. ಅದೇ ಬೀದಿಯ ಬೇರೆ ಮೋಟಾರುಗಳೂ ಇದೇ ದಾರಿಯಲ್ಲಿ ಎದ್ದವು. ಒದ್ದೆಯಲ್ಲೇ ಸ್ವಿಚ್ ಹಾಕಿದ್ದ ಮನೆಯವರಿಗೆ ಮಾತ್ರ ರಿವೈಂಡಿಂಗ್ ಬೇಕಾಯಿತು.

ಬೋರ್ಡುಗಳ ವಿಷಯದಲ್ಲಿ ಇಷ್ಟು ಧೈರ್ಯ ಬೇಡ. ಮೀಟರ್ ಮುಳುಗಿದ್ದರೆ ಬೆಸ್ಕಾಂನ 1912ಕ್ಕೆ ಹೇಳಿ, ಅವರು ಬಂದು ನೋಡುವವರೆಗೆ ಮೇನ್ ಆಫ್ ಇರಲಿ. ಮುಳುಗಿದ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಇವನ್ನು ಒಣಗಿಸಿ ಹಾಕಬಾರದು, ಬದಲಿಸಲೇಬೇಕು. ಹೊರಗಿನಿಂದ ಚೆನ್ನಾಗೇ ಕಾಣುತ್ತವೆ, ಬೀಳಬೇಕಾದ ಹೊತ್ತಿಗೆ ಬೀಳುವುದಿಲ್ಲ. ಗೋಡೆಯೊಳಗಿನ ಪೈಪಿನಲ್ಲಿ ನೀರು ನಿಂತಿರುತ್ತದೆ, ಬ್ಲೋವರ್‌ನಿಂದ ಊದಿ ತೆಗೆಯಬೇಕು. ಯುಪಿಎಸ್ ಇದ್ದರೆ ಮೊದಲು ಬ್ಯಾಟರಿ ತಂತಿ ಬಿಚ್ಚಿ. ಮೇನ್ ಆಫ್ ಇದ್ದರೂ ಅದು ಮನೆಗೆ ಕರೆಂಟ್ ಕೊಡುತ್ತಿರುತ್ತದೆ.

ಕೆಸರನ್ನು ಹಸಿಯಾಗಿರುವಾಗಲೇ ಎಳೆಯಬೇಕು. ಎರಡು ಬಿಸಿಲು ಕಂಡರೆ ಗಾರೆಯ ಹಾಗೆ ಹಿಡಿಯುತ್ತದೆ. ಪ್ಲೈವುಡ್ ಕಪಾಟು, ಹತ್ತಿ ಹಾಸಿಗೆ ಉಳಿಯುವುದಿಲ್ಲ. ತೇಗ, ಸ್ಟೀಲು ಉಳಿಯುತ್ತದೆ. ಕ್ರಯಪತ್ರ, ಮಾರ್ಕ್ಸ್ ಕಾರ್ಡ್, ಫೋಟೋಗಳನ್ನು ಬಿಸಿಲಿಗೆ ಹಾಕಬೇಡಿ. ನೆರಳಲ್ಲಿ, ಹಾಳೆಗಳ ನಡುವೆ ಬಿಳಿ ಕಾಗದ ಇಟ್ಟು, ಒದ್ದೆಯಾದ ಹಾಗೆಲ್ಲ ಬದಲಿಸುತ್ತಾ ಹೋಗಬೇಕು. ಅವತ್ತೇ ಬಿಡಿಸಲು ಆಗದಿದ್ದರೆ ಕವರಿನಲ್ಲಿ ಸುತ್ತಿ ಯಾರದಾದರೂ ಫ್ರೀಜರ್‌ನಲ್ಲಿಡಿ, ಬೂಸ್ಟು ಹಿಡಿಯುವುದಿಲ್ಲ.

ಕೈಕಾಲಿಗೆ ಗಾಯ ಇರುವವರನ್ನು ನೀರಿಗೆ ಬಿಡುವುದಿಲ್ಲ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ, ಚರ್ಮದ ಸಣ್ಣ ಗೀರು ಸಾಕು. 2018ರ ಕೇರಳದ ನೆರೆಯಲ್ಲಿ ಸ್ವಯಂಸೇವಕರಿಗೆ ಇಲಿಜ್ವರ ತಡೆಯಲು ಮುಂಚಿತವಾಗಿ ಡಾಕ್ಸಿಸೈಕ್ಲಿನ್ ಮಾತ್ರೆ ಕೊಟ್ಟಿದ್ದರು. ನಾವೂ ಹೋಗುವ ಮೊದಲು ಡಾಕ್ಟರ್ ಹತ್ತಿರ ಕೇಳಿಯೇ ಹೊರಡುತ್ತೇವೆ, ಟಿಟಿ ಇಂಜೆಕ್ಷನ್ ಕೂಡ. ವಾಪಸ್ ಬಂದ ಮೇಲೆ ಜ್ವರ, ಮೀನಖಂಡದ ನೋವು ಬಂದರೆ ನೆರೆ ನೀರಿನಲ್ಲಿ ನಿಂತಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಬೇಕು.

ಈಗ ಕಿಟ್ ಕಲ್ಯಾಣನಗರದ ಸ್ನೇಹಿತರೊಬ್ಬರ ಶೆಡ್‌ನಲ್ಲಿದೆ. ಕಾರ್ಬ್ಯುರೇಟರ್‌ನ ಪೆಟ್ರೋಲ್ ಖಾಲಿ ಮಾಡಿ ಇಟ್ಟಿದ್ದೇವೆ, ಇಲ್ಲದಿದ್ದರೆ ಅಂಟುಕಟ್ಟಿ ಬೇಕಾದ ದಿನ ಎಂಜಿನ್ ಏಳುವುದಿಲ್ಲ. ಪೈಪುಗಳನ್ನು ಒಣಗಿಸಿ, ಇಲಿ ಕಡಿಯದಂತೆ ಮೇಲೆ ತೂಗುಹಾಕಿದೆ. ಎರಡನೇ ಬಕೆಟ್ ಜಾಲರಿ ಸಿದ್ಧವಾಗಿದೆ. ಜನರೇಟರ್‌ನ ಎಕ್ಸ್‌ಟೆನ್ಷನ್ ಬೋರ್ಡಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಕೂರಿಸಿದ್ದೇವೆ, ಒದ್ದೆ ನೆಲದಲ್ಲಿ ವಾಷರ್ ಹಿಡಿದವನಿಗೆ ಅದು ಬೇಕೇ ಬೇಕು. ಇನ್ನು ಬಾಕಿ ಇರುವುದು ಹೈಡ್ರೋಜನ್ ಸಲ್ಫೈಡ್ ಅಳೆಯುವ ಮೀಟರ್. ಅದಕ್ಕೆ ದುಡ್ಡು ಸೇರಿಸುತ್ತಿದ್ದೇವೆ. ಬಂದ ಮೇಲೂ ಸಂಪಿಗೆ ಯಾರನ್ನೂ ಇಳಿಸುವುದಿಲ್ಲ. ಮುಚ್ಚಳ ತೆಗೆದು ಬಾಗಿ ನೋಡುವವರಿಗಾಗಿ ಅದು ಬೇಕು.